ಚಾಪ್ಸ್‌ಗೆ ಫುಲ್ ಮಾರ್ಕ್ಸ್, ಸರ್ವಿಸ್ ಚಾರ್ಜ್‌ಗೆ ಸೊನ್ನೆ

ಹೋಟೆಲ್ ಹೆಸರು ಬರೆಯಲ್ಲ. ಬರೆದ್ರೆ ಓನರ್ ಓದ್ತಾನೆ, ಓದಿದ್ರೆ ಹುಡುಗರ ಮೇಲೆ ರೇಗ್ತಾನೆ. ಬೆಂಗಳೂರಿನ ಶಾಂತಿನಗರದ ಕಡೆ, ಮಹಡಿ ಮೇಲಿರೋ ಮಿಲಿಟರಿ ಹೋಟೆಲು. ಅಲ್ಲಿ ಉಂಡವರಿಗೆ ಚಾಪ್ಸ್ ವಿಷಯ ಎತ್ತಿದ್ರೇ ಗುರುತು ಸಿಗತ್ತೆ.

ಮಟನ್ ಚಾಪ್ಸ್‌ನಲ್ಲಿ ಮೊದಲು ಮೆಣಸಿನ ಖಾರ, ಆಮೇಲೆ ಕೊಬ್ಬರಿ. ಮೂಳೆಗಂಟಿದ ಮಾಂಸ ಬೆರಳಲ್ಲಿ ಎಳೆದ್ರೆ ಬರಬೇಕು, ಹಲ್ಲಿಗೆ ಕೆಲಸ ಕೊಡಬಾರದು; ಇಲ್ಲಿ ಹಾಗೇ ಬರತ್ತೆ. ದೊನ್ನೆ ಬಿರಿಯಾನಿ ಜೀರಿಗೆ ಸಾಂಬಾ ಅಕ್ಕೀದು, ಪುದೀನ-ಕೊತ್ತಂಬರಿಯ ಹಸಿರು ಬಣ್ಣ. ಬಾಸ್ಮತಿ ಬೇಯಿಸಿ ದೊನ್ನೆಗೆ ಸುರಿದು ಕೊಡೋ ಜಾತಿ ಅಲ್ಲ. ಮುದ್ದೇಲಿ ಅಲ್ಲಲ್ಲಿ ಗಂಟಿತ್ತು. ಕಾಲ್ ಸೂಪು ಬರೀ ನೀರು, ಬಿಟ್ಟುಬಿಡಿ.

ಹೋದ ಭಾನುವಾರ ಚರ್ಚಲ್ಲಿ ಆರಾಧನೆ ಮುಗಿಸಿ ನಾವು ನಾಲ್ಕು ಜನ ಹೋಗಿದ್ವಿ. ಬೆಳಿಗ್ಗೆ ಪ್ರಸಂಗ ಸತ್ಯವೇದದ, ಅಂದ್ರೆ ಬೈಬಲ್ಲಿನ, ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯದ ಮೇಲೆ. ಚಿನ್ನದ ಉಂಗುರ ಹಾಕಿದವನು ಬಂದ್ರೆ ಒಳ್ಳೇ ಜಾಗ ತೋರಿಸ್ತೀರಿ, ಕೊಳಕು ಬಟ್ಟೆಯ ಬಡವ ಬಂದ್ರೆ ಅಲ್ಲಿ ನಿಂತ್ಕೋ ಅಂತೀರಿ ಅನ್ನೋ ಭಾಗ. ಅಯ್ಯನವರು ಚೆನ್ನಾಗೇ ಹೇಳಿದ್ರು. ಒಂದು ಗಂಟೆ ಆಗೋಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಚಿಟಿಕೆ ಹೊಡೀತಿದ್ರು. 'ಏಯ್, ನೀರು!' ಟೇಬಲ್ ಮೇಲೆ ಜಿಪ್ ಕವರಿನ ಸತ್ಯವೇದ. ಉಂಗುರ ಇತ್ತೋ ಇಲ್ವೋ, ನೋಡ್ಲಿಲ್ಲ.

ನಾನೇನು ಸಾಚಾ ಅಲ್ಲ. ಚಾಪ್ಸ್ ಬರೋಕೆ 25 ನಿಮಿಷ ಆಯ್ತು. 'ಏನಪ್ಪಾ, ಕುರೀನ ಈಗ ಮೇಯಿಸ್ತಿದೀರಾ?' ಅಂದೆ, ನಾಲ್ಕು ಜನ ಕೇಳಿಸ್ಕೊಳ್ಳೋ ಹಾಗೆ. ಹುಡುಗ ನಕ್ಕ. ಆ ನಗು ನಂಗೆ ಗೊತ್ತು. 1994ರಲ್ಲಿ ಚಿಕ್ಕಮಗಳೂರಿಂದ ಬಂದು ಮೆಜೆಸ್ಟಿಕ್‌ನ ಲಾಡ್ಜೊಂದರ ಕೆಳಗಿನ ಹೋಟೆಲಲ್ಲಿ ಎರಡು ವರ್ಷ ಸಪ್ಲೈಯರ್ ಆಗಿದ್ದೆ. ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಸಾಂಬಾರ್ ಬಕೆಟ್ಟು, ಮುಖದ ಮೇಲೆ ಅದೇ ನಗು. ಹಲ್ಲು ಕಾಣಬೇಕು, ಕಣ್ಣು ನೆಲ ನೋಡಬೇಕು. ದಿನಾ ಇಡ್ಲಿಗೆ ಬರ್ತಿದ್ದ ಒಬ್ಬ ಬಸ್ ಕಂಡಕ್ಟರ್ ಮಾತ್ರ ಆರ್ಡರ್ ಹೇಳೋ ಮುಂಚೆ 'ನಿಂದಾಯ್ತಾ ತಿಂಡಿ?' ಅಂತಿದ್ದ. ಅವನು ಕಾಸು ಇಟ್ಟು ಹೋದದ್ದು ನೆನಪಿಲ್ಲ, ಆ ಮಾತು ಮೂವತ್ತು ವರ್ಷ ಆದ್ರೂ ಕಿವೀಲಿದೆ.

ಚಾಪ್ಸ್ ಇಟ್ಟಾಗ ಕೇಳಿದೆ: 'ಆಗ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಪ್ಪಾ. ಊಟ ಆಯ್ತಾ?'

'ಇಲ್ಲ ಸಾರ್. ನಾಲ್ಕ್ ಗಂಟೆ.' ಒಡಿಶಾದವನು, ಬಂದು ಎಂಟು ತಿಂಗಳಂತೆ, ಕನ್ನಡ ಅಷ್ಟರಲ್ಲೇ ಕಲಿತಿದಾನೆ. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಹನ್ನೊಂದು. ಗಿರಾಕಿ ಇಲ್ದಾಗ ಕೂರೋಣ ಅಂದ್ರೆ ಇಡೀ ಹಾಲಲ್ಲಿ ಅವರಿಗೊಂದು ಸ್ಟೂಲಿಲ್ಲ. ಕಂಬಕ್ಕೆ ಒರಗಿ, ಒಂದು ಕಾಲು ಎತ್ತಿ, ಇನ್ನೊಂದು ಕಾಲಿಗೆ ಭಾರ ಬಿಟ್ಟು ನಿಂತಿರ್ತಾರೆ.

ಬಿಲ್ಲು 1,180 ರೂಪಾಯಿ. ಅದರ ಮೇಲೆ ಸರ್ವಿಸ್ ಚಾರ್ಜ್ ಶೇಕಡ 5, ಅಂದ್ರೆ 59. ಇದು ನಿಮಗೆ ಬರತ್ತಾ ಅಂದೆ. ಕ್ಯಾಶ್ ಕೌಂಟರ್ ಕಡೆ ಒಮ್ಮೆ ನೋಡಿ ಇಲ್ಲ ಅಂತ ತಲೆ ಅಲ್ಲಾಡಿಸಿದ. ಎದ್ದು ಹೋಗಿ ತೆಗೆಸಿದೆ. ಹೀಗೆ ತಾನಾಗೇ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟು ಅದನ್ನ ಎತ್ತಿಹಿಡಿದಿದೆ. ಕ್ಯಾಷಿಯರ್ ವಾದ ಮಾಡ್ಲಿಲ್ಲ, ಮುಖ ಮಾತ್ರ ಹುಣಸೆಹಣ್ಣು. ದಯವಿಟ್ಟು ಗಮನಿಸಿ: ತೆಗೆಸಿದ ದುಡ್ಡನ್ನ ಜೇಬಿಗೆ ಹಾಕ್ಕೊಂಡು ಬರಬೇಡಿ. ಕೂಲಿಯವನ ಕೂಲಿ ಹೊತ್ತು ಮುಳುಗೋದರೊಳಗೆ ಕೊಡು ಅಂತ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿದೆ, 24ನೇ ಅಧ್ಯಾಯ. ನೂರು ರೂಪಾಯಿ ಹುಡುಗನ ಕೈಗೇ ಕೊಟ್ಟೆ. ಬಿಲ್ಲಿನ ಫೋಲ್ಡರಲ್ಲಿ ಇಟ್ರೆ ಕೌಂಟರಿಗೆ ಹೋಗತ್ತೆ.

ಅಷ್ಟರಲ್ಲಿ ಪಕ್ಕದವರು ಎದ್ದು ಹೋಗಿದ್ರು. ಅವನು ಅವರ ಫೋಲ್ಡರ್ ತೆರೆದ. ಸೋಂಪಿನ ಕಾಳು ಉದುರಿತ್ತು, ನಡುವೆ ನೋಟಿನ ಹಾಗೆ ಮಡಿಸಿದ ಒಂದು ಕಾಗದ. ಬಿಡಿಸಿ ನೋಡಿ ನನ್ನ ಹತ್ರ ತಂದ. 'ಸಾರ್, ಕನ್ನಡ ಓದಕ್ಕೆ ಬರಲ್ಲ. ಏನಿದೆ?'

ಸುವಾರ್ತೆಯ ಕರಪತ್ರ. ಓದದೇ ಇರೋಕಾಗಲ್ವಲ್ಲ, ಓದಿದೆ. 'ದೇವರು ನಿನ್ನನ್ನು ಪ್ರೀತಿಸುತ್ತಾನೆ.'

'ಅಷ್ಟೇನಾ ಸಾರ್? ಕೂಪನ್ ಅಂದ್ಕೊಂಡೆ.' ಈ ಸಲದ ನಗು ಬೇರೆ ಥರ ಇತ್ತು. ಕಾಗದ ಎಸೀಲಿಲ್ಲ, ಮಡಿಸಿ ಜೇಬಲ್ಲಿಟ್ಕೊಂಡ. ನಾನು ಲೋಟದ ನೀರೆಲ್ಲ ಕುಡಿದೆ.

ಊಟಕ್ಕೆ ನಾಲ್ಕು ಸ್ಟಾರ್, ಹುಡುಗರಿಗೆ ಐದು, ಆಡಳಿತಕ್ಕೆ ಒಂದು. ಲಿಫ್ಟಿಲ್ಲ, ಮಂಡಿ ನೋವಿದ್ದವರು ಯೋಚನೆ ಮಾಡಿ. ಭಾನುವಾರ ಹೋಗೋದಾದ್ರೆ ಹನ್ನೆರಡೂವರೆ ಒಳಗೆ ಹೋಗಿ, ಆಮೇಲೆ ಪೂರ್ತಿ ನಮ್ಮ ಚರ್ಚಿನವರೇ ತುಂಬ್ಕೊಂಡಿರ್ತೀವಿ.