ಮಲ್ಪೆಯ ಉಪ್ಪುಗಾಳಿಯಲ್ಲಿ ಕ್ಯಾಲಿಪರ್ ಬಣ್ಣ: ಎರಡು ಮಳೆಗಾಲ ಕಳೆದ ಮೇಲೆ

ಬಣ್ಣ ಒಂದು ಡಬ್ಬಿಯಲ್ಲಿ, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಇನ್ನೊಂದರಲ್ಲಿ ಬರುವ, ಬ್ರಷ್‌ನಿಂದ ಬಳಿಯುವ ಕ್ಯಾಲಿಪರ್ ಪೇಂಟ್ ಕಿಟ್ ಒಂದನ್ನು ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಚಕ್ರಗಳಿಗೆ ಬಳಸಿ ಎರಡು ಮಳೆಗಾಲ ಕಳೆದಿವೆ. ಕ್ಯಾಲಿಪರ್ ಎಂದರೆ ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡು ಬ್ರೇಕ್ ಪ್ಯಾಡ್‌ಗಳ ನಡುವೆ ಅದುಮಿ ಹಿಡಿಯುವ ಭಾಗ. ಹಿಂದಿನ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕ್. ಆ ಡ್ರಮ್‌ಗಳಿಗೂ ಅವುಗಳ ಹಿಂಬದಿಯ ತಗಡಿನ ತಟ್ಟೆಗೂ ಅದೇ ವಾರ ಶಾಖ ತಡೆಯುವ ಸ್ಪ್ರೇ ಪೇಂಟ್ ಹೊಡೆದಿದ್ದೆ. ಹೀಗಾಗಿ ಒಂದೇ ಕಾರಿನಲ್ಲಿ, ಒಂದೇ ಹವೆಯಲ್ಲಿ, ಎರಡು ಬಗೆಯ ಬಣ್ಣಗಳ ಬಾಳಿಕೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಸಾಧ್ಯವಾಯಿತು. ಕಿಟ್‌ನ ಬಗ್ಗೆ ನನಗೆ ಒಟ್ಟಾರೆ ಸಮಾಧಾನವಿದೆ. ಆದರೂ ಬ್ರೇಕಿಗೆ ನಿಜವಾದ ಉಪಕಾರವಾದದ್ದು ಬಣ್ಣ ಬಳಿಯುವ ನೆಪದಲ್ಲಿ ಬಿಚ್ಚಿ ಸರಿಪಡಿಸಿದ ಪಿನ್ನು ಮತ್ತು ರಬ್ಬರುಗಳಿಂದ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕರಾವಳಿಯಲ್ಲಿ ಈ ಕೆಲಸಕ್ಕೆ ಅಲಂಕಾರಕ್ಕಿಂತ ಬೇರೆ ಅರ್ಥವೂ ಇದೆ. ಹೆಚ್ಚಿನ ಸಣ್ಣ ಕಾರುಗಳ ಕ್ಯಾಲಿಪರ್ ಎರಕದ ಕಬ್ಬಿಣದ್ದು, ಮತ್ತು ಕಾರ್ಖಾನೆಯಿಂದ ಅದು ಹೇಳಿಕೊಳ್ಳುವಂಥ ಬಣ್ಣವಿಲ್ಲದೆಯೇ ಬರುತ್ತದೆ. ಉಡುಪಿ, ಮಂಗಳೂರುಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಉಳಿದ ತಿಂಗಳುಗಳಲ್ಲಿ ಕಡಲ ಕಡೆಯಿಂದ ಉಪ್ಪಿನ ಗಾಳಿ ಬೀಸುತ್ತದೆ. ಇವೆರಡೂ ಸಾಲದೆಂಬಂತೆ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡರೆ ಅದರಿಂದ ಸೋರುವ ಉಪ್ಪುನೀರು ಚಕ್ರದ ಸಂದುಗೊಂದುಗಳಿಗೆಲ್ಲ ಸೇರುತ್ತದೆ. (ಆ ವಾಸನೆಯ ಮಾತು ಬೇರೆಯೇ.) ಹೊರಮೈಯ ತುಕ್ಕು ನೋಡಲು ಅಸಹ್ಯವೇ ಹೊರತು ಅಷ್ಟು ಅಪಾಯವಲ್ಲ, ಪ್ಯಾಡ್ ಕುಳಿತುಕೊಳ್ಳುವ ತೋಡಿನಲ್ಲಿ, ಸ್ಟೀಲ್ ಕ್ಲಿಪ್‌ಗಳ ಅಡಿಯಲ್ಲಿ ತುಕ್ಕು ಉಬ್ಬಿದಾಗ ಪ್ಯಾಡ್ ಅಲ್ಲೇ ಬಿಗಿದುಕೊಂಡು, ಪೆಡಲ್ ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಚಕ್ರ ಬಿಸಿಯಾಗುವುದು, ಕಾರು ಒಂದು ಕಡೆಗೆ ಎಳೆಯುವುದು, ಮೈಲೇಜ್ ಇಳಿಯುವುದು ಎಲ್ಲವೂ ಅಲ್ಲಿಂದ ಶುರುವಾಗುತ್ತವೆ.

ನಮ್ಮ ಕಾರಿನದು ಒಂದೇ ಪಿಸ್ಟನ್ನಿನ, ಎರಡು ಪಿನ್ನುಗಳ ಮೇಲೆ ಆಚೀಚೆ ಜಾರುವ ಕ್ಯಾಲಿಪರ್. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದುಕೊಳ್ಳಬೇಕು. ಪಿನ್ನು ಹಿಡಿದುಕೊಂಡರೆ ಒಳಗಿನ ಪ್ಯಾಡ್ ಬೇಗ ಸವೆಯುತ್ತದೆ, ಹೊರಗಿನದು ಹೊಸದರಂತೆಯೇ ಉಳಿಯುತ್ತದೆ. ಎಡಗಡೆಯ ಚಕ್ರದಲ್ಲಿ ಆಗಿದ್ದದ್ದು ಇದೇ. ನನ್ನ ಕೆಂಪು ಬಣ್ಣದ ಉತ್ಸಾಹವನ್ನು ಕೇಳಿಸಿಕೊಂಡ ಪರಿಚಯದ ಮೆಕ್ಯಾನಿಕ್, "ಬಣ್ಣ ಆಮೇಲೆ ಬಳಿಯುವ ಮಾರಾಯ್ರೆ, ಮೊದಲು ಪಿನ್ನು ಬರ್ತದಾ ನೋಡಿ" ಎಂದಿದ್ದರು. ಮೇಲಿನ ಪಿನ್ನು ಬೆರಳಿಗೆ ಬಂತು. ಕೆಳಗಿನದನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಮಿಲಿಮೀಟರ್ ಲೆಕ್ಕದಲ್ಲಿ ಹೊರಗೆ ಎಳೆಯಬೇಕಾಯಿತು. ಅದನ್ನು ಮುಚ್ಚುವ ರಬ್ಬರ್ ಚೀಲದ, ಅಂದರೆ ಬೂಟಿನ, ಮಡಿಕೆಯಲ್ಲಿ ಉಗುರಿನ ಗೀರಿನಷ್ಟು ಸಣ್ಣ ಸೀಳಿತ್ತು. ಅಷ್ಟರಲ್ಲೇ ನೀರು ನುಗ್ಗಿ, ಒಳಗಿದ್ದ ಗ್ರೀಸ್ ಕಾಫಿ ಗಸಿಯ ಬಣ್ಣದ ಗಟ್ಟಿ ಹಿಟ್ಟಾಗಿತ್ತು.

ಆದ್ದರಿಂದ ಖರ್ಚಿನ ವಿಚಾರದಲ್ಲಿ ನನ್ನ ಸಲಹೆ ಇಷ್ಟೇ: ಬಣ್ಣದ ಕಿಟ್ ಕೊಳ್ಳುವ ಮೊದಲು ಕಾರಿನ ಮಾಡೆಲ್ ಹೇಳಿ ರಬ್ಬರ್ ಕಿಟ್ ಕೊಳ್ಳಿ. ಪಿಸ್ಟನ್ ಸೀಲ್, ಧೂಳು ತಡೆಯುವ ಬೂಟ್, ಪಿನ್ನಿನ ಬೂಟ್‌ಗಳು ಅದರಲ್ಲಿರುತ್ತವೆ, ಮತ್ತು ಬೆಲೆ ಬಣ್ಣಕ್ಕಿಂತ ಕಡಿಮೆಯೇ. ಚೌಕ ಅಂಚಿನ ಆ ಸೀಲ್ ಆಯಿಲ್ ಸೋರದಂತೆ ತಡೆಯುವುದಷ್ಟೇ ಅಲ್ಲ, ಪೆಡಲ್ ಬಿಟ್ಟಾಗ ಬಾಗಿ ಮತ್ತೆ ಮೊದಲಿನಂತಾಗುವ ತನ್ನ ಗುಣದಿಂದ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದೂ ಅದೇ; ಹಳತಾಗಿ ಗಟ್ಟಿಯಾದರೆ ಆ ಕೆಲಸ ನಿಲ್ಲುತ್ತದೆ. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಮೂಲದ ಯಾವುದೂ ಆಗಿಬರುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆಯುವುದು, ಬೇರಿಂಗಿನ ಗ್ರೀಸನ್ನೇ ಪಿನ್ನಿಗೂ ಮೆತ್ತುವುದು ನಮ್ಮ ಕಡೆಯ ಹಳೆಯ ರೂಢಿ; ಇದರಿಂದ ರಬ್ಬರ್ ಉಬ್ಬಿ, ಸರಿಯಾಗಿದ್ದ ಪಿನ್ನೂ ಹಿಡಿದುಕೊಳ್ಳುತ್ತದೆ. ಪಿನ್ನಿಗೆ ಸಿಲಿಕೋನ್ ಗ್ರೀಸ್, ಪಿಸ್ಟನ್ನಿನ ಬೂಟಿಗೆ ಕೆಂಪು ರಬ್ಬರ್ ಗ್ರೀಸ್, ಸೀಲನ್ನು ಕೂರಿಸುವಾಗ ಹೊಸ ಬ್ರೇಕ್ ಆಯಿಲ್ ಬಳಸಿದರೆ ಸಾಕು.

ಸೀಲ್ ಬದಲಿಸಲು ಪಿಸ್ಟನ್ನನ್ನು ಹೊರತೆಗೆಯುವ ಕೆಲಸ ಎಲ್ಲರಿಗೂ ಹೇಳಿದ್ದಲ್ಲ. ಗಾಳಿಯ ಒತ್ತಡದಿಂದ ತೆಗೆಯುವವರು ಮುಂದೆ ಮರದ ತುಂಡು ಇಡದೆ ಬೆರಳಿಟ್ಟರೆ ಬೆರಳು ಹೋಗುತ್ತದೆ. ಕ್ಯಾಲಿಪರನ್ನು ಬ್ರೇಕ್ ಆಯಿಲ್ ಬರುವ ಹೋಸ್‌ನಿಂದ ನೇತುಬಿಡಬಾರದು, ಸ್ಪ್ರಿಂಗಿಗೆ ತಂತಿಯಿಂದ ಕಟ್ಟಬೇಕು. ಹೋಸ್ ಬಿಚ್ಚಿದರೆ ತಾಮ್ರದ ವಾಷರ್‌ಗಳು ಹೊಸವೇ ಆಗಬೇಕು. ಕೊನೆಗೆ ಒಳಗಿನ ಗಾಳಿ ಪೂರ್ತಿ ಹೋಗುವವರೆಗೆ ಬ್ಲೀಡ್ ಮಾಡಿ (ನಿಪ್ಪಲ್ ಸಡಿಲಿಸಿ ಆಯಿಲ್ ಹೊರಬಿಟ್ಟು), ಪೆಡಲ್ ಗಟ್ಟಿಯಾಗುವ ತನಕ ಒತ್ತಿಯೇ ಕಾರು ಹೊರಡಿಸಬೇಕು. ಇದರ ಅಭ್ಯಾಸವಿಲ್ಲದವರು ಸೀಲಿನ ಕೆಲಸವನ್ನು ಗ್ಯಾರೇಜಿಗೆ ಬಿಟ್ಟು, ಪಿನ್ನು ಮತ್ತು ಬಣ್ಣವನ್ನಷ್ಟೇ ಮನೆಯಲ್ಲಿ ಮಾಡಿಕೊಳ್ಳಬಹುದು.

ಇನ್ನು ಬಣ್ಣ. ವೈರ್ ಬ್ರಷ್ ಮತ್ತು ಎಮರಿ ಪೇಪರಿನಿಂದ ತುಕ್ಕನ್ನು ಲೋಹ ಕಾಣುವವರೆಗೆ ತೆಗೆದು, ಬ್ರೇಕ್ ಕ್ಲೀನರಿನಿಂದ ಒರೆಸುವುದರಲ್ಲೇ ಮುಕ್ಕಾಲು ಪಾಲು ಸಮಯ ಹೋಗುತ್ತದೆ. ಪಿಸ್ಟನ್, ಬೂಟ್, ಪಿನ್ನಿನ ತೂತು, ಪ್ಯಾಡ್ ಜಾರುವ ಜಾಗ, ಬ್ಲೀಡ್ ನಿಪ್ಪಲ್, ಬೋಲ್ಟ್ ಕೂರುವ ಮುಖ ಇಷ್ಟಕ್ಕೂ ಟೇಪ್ ಬೇಕು. ಬೋಲ್ಟಿನ ಅಡಿಯ ಬಣ್ಣ ಕ್ರಮೇಣ ಒತ್ತಿಹೋಗಿ ಬಿಗಿ ಸಡಿಲವಾಗುವುದರಿಂದ ಅಲ್ಲಿ ಉದಾಸೀನ ಸಲ್ಲದು. ಬೆರೆಸಿದ ಬಣ್ಣ ಕೆಲವೇ ಗಂಟೆಗಳಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಆದಕಾರಣ ಎರಡೂ ಚಕ್ರ ಸಿದ್ಧವಾಗುವ ತನಕ ಹಾರ್ಡನರ್ ಮುಟ್ಟಬಾರದು.

ಹವೆಯ ವಿಷಯವನ್ನು ಕಿಟ್‌ನ ಚೀಟಿ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ನಮ್ಮ ಊರಿಗೆ ಅದು ಸಾಲದು. ಹೀಗೆ ಹಾರ್ಡನರ್ ಬೆರೆಸಿ ಬಳಸುವ ಇಪಾಕ್ಸಿ ಬಗೆಯ ಬಣ್ಣಗಳು ಅತಿಯಾದ ತೇವಾಂಶದಲ್ಲಿ ಒಣಗಿದರೆ ಮೇಲ್ಮೈಯಲ್ಲಿ ಜಿಡ್ಡಿನ, ಬಿಳಿಚಿದ ಪೊರೆ ಮೂಡಿ ಹೊಳಪು ಸಾಯುತ್ತದೆ, ಮೇಲಿನ ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸದ ಮಾತೇ ಎತ್ತುವಂತಿಲ್ಲ. ಡಿಸೆಂಬರ್, ಜನವರಿಯಲ್ಲಿ ಕೂಡ ಬೆಳಗ್ಗೆ ತಣ್ಣಗಿರುವ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂತಿರುತ್ತದೆ. ಬಿಸಿಲೇರಿ ಲೋಹ ಬೆಚ್ಚಗಾದ ಮೇಲೆ ಶುರುಮಾಡಿ, ಸಂಜೆಯ ತೇವ ಇಳಿಯುವ ಮೊದಲು ಎರಡನೆಯ ಕೋಟ್ ಮುಗಿಸಿದ್ದರಿಂದ ನನಗೆ ಒಳ್ಳೆಯ ಹೊಳಪು ಸಿಕ್ಕಿತು.

ಈಗಿನ ಸ್ಥಿತಿ ಹೀಗಿದೆ. ಮುಂದಿನ ಕ್ಯಾಲಿಪರ್‌ಗಳ ಚಪ್ಪಟೆ ಮೈ, ಕಿಟಕಿಯಂತಹ ತೆರವಿನ ಅಂಚುಗಳು ಗಟ್ಟಿಯಾಗಿವೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬ್ರೇಕಿನ ಕಪ್ಪು ಧೂಳು ಹೋಗುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವ ಹೊತ್ತಿಗೆ ಡಿಸ್ಕಿನ ಬಳಿ ಕೈ ಒಯ್ಯಲಾಗದಷ್ಟು ಕಾವಿರುತ್ತದೆ. ಅಂಥ ಪ್ರಯಾಣಗಳ ಬಳಿಕವೂ ಬಣ್ಣ ಬಿರಿದಿಲ್ಲ, ಕೆಂಪು ಮಾತ್ರ ಒಂದು ಛಾಯೆ ಮಂಕಾಗಿದೆ. ತುಕ್ಕು ಮತ್ತೆ ತಲೆಯೆತ್ತಿರುವುದು ಬ್ರಷ್ ತಲುಪದ ಒಳಮೂಲೆಗಳಲ್ಲಿ. ಅತ್ತ ಹಿಂದಿನ ಸ್ಪ್ರೇ ಬಣ್ಣ ಮೊದಲ ಮಳೆಗಾಲದಲ್ಲೇ ಕಲ್ಲು ತಾಗಿದಲ್ಲೆಲ್ಲ ಎದ್ದಿತು. ಎರಡಕ್ಕೂ ನಿಜವಾದ ಪರೀಕ್ಷೆಯಾದದ್ದು ಬ್ರೇಕ್ ಆಯಿಲ್ ಬದಲಿಸಿದಾಗ. ಡಾಟ್ 3, ಡಾಟ್ 4 ಆಯಿಲ್‌ಗಳು ಗ್ಲೈಕಾಲ್ ಮೂಲದವು, ಸಾಮಾನ್ಯ ಬಣ್ಣವನ್ನು ಅವು ಕರಗಿಸುತ್ತವೆ. ಹಿಂದಿನ ತಟ್ಟೆಯ ಮೇಲೆ ಇಳಿದ ಹನಿಯ ಜಾಡಿನಲ್ಲಿ ಸ್ಪ್ರೇ ಬಣ್ಣ ಸುಕ್ಕುಗಟ್ಟಿ ಬೆರಳಿಗೆ ಅಂಟಿಬಂತು. ಮುಂದಿನ ನಿಪ್ಪಲ್ಲಿನ ಕೆಳಗೆ ಬಿದ್ದ ಹನಿಯನ್ನು ಕೂಡಲೇ ನೀರು ಹಾಕಿ ತೊಳೆದಾಗ ಎರಡು ಡಬ್ಬಿಯ ಬಣ್ಣದ ಮೇಲೆ ಕಲೆಯೂ ಉಳಿಯಲಿಲ್ಲ.

ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಗಾಳಿಯಿಂದ ತೇವ ಹೀರುವುದು ಅದರ ಸ್ವಭಾವವಾದ್ದರಿಂದ, ನಮ್ಮ ಹವೆಯಲ್ಲಿ ಘಾಟಿ ಇಳಿಯುವವರು ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸುವುದು ಕ್ಯಾಲಿಪರಿನ ಬಣ್ಣಕ್ಕಿಂತ ಎಷ್ಟೋ ಮುಖ್ಯ.

ಕಿಟ್‌ನ ಮೇಲೆ ನನ್ನ ದೂರುಗಳು ಎರಡು. ಜೊತೆಗೆ ಕೊಟ್ಟ ಬ್ರಷ್ ಕೂದಲು ಉದುರಿಸುತ್ತದೆ; ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆಯದೊಂದನ್ನು ಕೊಂಡಿಟ್ಟುಕೊಳ್ಳಬೇಕು. ಬಣ್ಣದ ಪ್ರಮಾಣ ನಾಲ್ಕು ಕ್ಯಾಲಿಪರ್‌ಗಳಿಗೆಂದು ಲೆಕ್ಕ ಹಾಕಿದ್ದು, ಮುಂದೆ ಮಾತ್ರ ಡಿಸ್ಕ್ ಇರುವವರಿಗೆ ಅರ್ಧ ಗಟ್ಟಿಯಾಗಿ ವ್ಯರ್ಥ. ಉಳಿಯುವ ಆ ಅರ್ಧವನ್ನು ಡ್ರಮ್‌ಗಳಿಗೇ ಬಳಿದರೆ ಸ್ಪ್ರೇ ಡಬ್ಬಿಯ ಖರ್ಚೂ ಉಳಿಯುತ್ತದೆ, ಹಿಂದಿನ ಚಕ್ರಗಳೂ ಮುಂದಿನವುಗಳಷ್ಟೇ ಬಾಳುತ್ತವೆ. ಹೊಸದಾಗಿ ಕೊಳ್ಳುವವರು ನಾಲ್ಕೂ ಚಕ್ರಗಳನ್ನು ಒಂದೇ ದಿನ ಬಿಚ್ಚಿ, ಕಾರನ್ನು ಜಾಕಿಯ ಮೇಲಲ್ಲ, ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿಕೊಂಡು ಕೆಲಸ ಶುರುಮಾಡುವುದು ಲೇಸು.