ಚೆಂಡು, ಮುದ್ಗರ, ಬಳುಕುವ ಕೋಲು: ಗಾಲ್ಫ್ ಸ್ವಿಂಗ್‌ನಲ್ಲಿ ನನ್ನ ಕೈಗೂ ನಡುವಿಗೂ ಹೊಂದಿಕೆ ತಂದದ್ದು ಯಾವುದು

ಗಾಲ್ಫ್ ಸ್ವಿಂಗ್, ಅಂದರೆ ಚೆಂಡಿಗೆ ಹೊಡೆಯಲು ಕೋಲು ಬೀಸುವ ಕ್ರಿಯೆ, ತಿದ್ದಿಕೊಳ್ಳಲು ಈ ಮೂರು ಸಾಧನಗಳಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬಳುಕುವ ಕೋಲು, ಮತ್ತು ನಾನು ಎಲ್ಲಕ್ಕಿಂತ ಕೊನೆಗೆ ಕೊಂಡದ್ದೂ ಅದನ್ನೇ. ಜಿಪುಣತನದಿಂದ ಮೊದಲು ತರಿಸಿದ್ದು ಮುಂಗೈಗಳ ನಡುವೆ ಇಟ್ಟುಕೊಳ್ಳುವ 900 ರೂಪಾಯಿಯ ರಬ್ಬರಿನ ಚೆಂಡನ್ನು. ಅದರಿಂದ ಬೇಸತ್ತ ಮೇಲೆ ಕೆಲವು ವಾರ ತಾಲೀಮಿನ, ಅಂದರೆ ಗರಡಿಮನೆಯ, ಮುದ್ಗರವೆಂಬ ಭಾರದ ಗದೆಯನ್ನೂ ತಿರುವಿ ನೋಡಿದೆ.

2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದ ದಿನ ಟಿವಿ ಮುಂದೆ ಕುಳಿತವರಲ್ಲಿ ನಾನೂ ಒಬ್ಬ. ಆಟದ ಹುಚ್ಚು ಹಿಡಿದದ್ದು ಅಲ್ಲಿಂದ. ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಗೋಲ್ಕೊಂಡ ಕೋಟೆಯ ಮಗ್ಗುಲಿನ ಮೈದಾನದಲ್ಲಿ ಗೆಳೆಯರೊಡನೆ ಆಡುತ್ತೇನೆ. ಉಳಿದ ದಿನಗಳ ಅಭ್ಯಾಸವೆಲ್ಲ ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ, ಬಿಸಿಲೇರುವ ಮುನ್ನ, ಹದಿನೈದು ನಿಮಿಷ ಮಾತ್ರ.

ನನ್ನ ದೋಷ ಹೊಸಬರೆಲ್ಲರದೂ ಹೌದು. ಗಾಲ್ಫ್ ಕೋಲನ್ನು ಹಿಂದಕ್ಕೆ ಎತ್ತಿದಾಗ ಹೆಗಲು ಸುಮಾರು 90 ಡಿಗ್ರಿ, ನಡು ಅದರ ಅರ್ಧದಷ್ಟು ತಿರುಗಿರಬೇಕು. ಕೆಳಗೆ ಬರುವಾಗ ಭಾರ ಎಡಗಾಲಿಗೆ ಸರಿದು, ಮೊದಲು ನಡು, ಆಮೇಲೆ ಎದೆ, ಆಮೇಲೆ ತೋಳು, ಕಟ್ಟಕಡೆಗೆ ಕೋಲು ತನ್ನ ಪೂರ್ತಿ ವೇಗಕ್ಕೆ ಏರಬೇಕು. ಒಂದು ನಿಧಾನಗೊಳ್ಳುತ್ತಿದ್ದಂತೆ ಅದರ ವೇಗ ಮುಂದಿನದಕ್ಕೆ ದಾಟುತ್ತದೆ. ನನ್ನಲ್ಲಿ ಇದು ತಲೆಕೆಳಗಾಗಿ, ಕೈಗಳೇ ಮೊದಲು ಧಾವಿಸುತ್ತಿದ್ದವು, ನಡು ಆಮೇಲೆ ಓಡಿಬರುತ್ತಿತ್ತು, ಚೆಂಡು ಪ್ರತಿ ಸಲ ಬಲಕ್ಕೆ ಬಾಗಿ ಗಿಡಗಂಟಿಯೊಳಗೆ ಹೋಗುತ್ತಿತ್ತು. ಕೆಳಗಿಳಿಯುವ ಈ ಇಡೀ ಕ್ರಿಯೆಗೆ ಸಿಗುವುದು ಹೆಚ್ಚುಕಡಿಮೆ ಕಾಲು ಸೆಕೆಂಡು. ಅಷ್ಟರಲ್ಲಿ ಯೋಚಿಸಿ ತಿದ್ದಿಕೊಳ್ಳಲು ಯಾರಿಗೂ ಆಗದು, ಮೈಗೆ ರೂಢಿಯಾಗಿಯೇ ಬರಬೇಕು.

ಇನ್ನು ಆ ರಬ್ಬರಿನ ಚೆಂಡಿನ ಕಥೆ. ಕೊರಳಿಗೆ ದಾರ ಹಾಕಿಕೊಂಡು, ಗಾಳಿ ತುಂಬಿದ ಚೆಂಡನ್ನು ಎರಡೂ ಮುಂಗೈಗಳ ನಡುವೆ ಒತ್ತಿ ಹಿಡಿದು ಸ್ವಿಂಗ್ ಮಾಡಬೇಕು. ಅದು ಬೀಳದಿದ್ದರೆ ತೋಳುಗಳು ಎದೆಯೊಡನೆ ಒಟ್ಟಿಗೆ ತಿರುಗಿದವೆಂದು ಲೆಕ್ಕ. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಬೆಳಗಿನ ಐದೂವರೆಗೇ ಮೈ ಬೆವರುತ್ತದೆ. ನಾಲ್ಕನೆಯ ಸ್ವಿಂಗ್‌ಗೆ ರಬ್ಬರು ಜಾರತೊಡಗುತ್ತದೆ, ದಾರ ಗದ್ದಕ್ಕೆ ತಾಗುತ್ತದೆ. ದಾರ ಬಿಚ್ಚಿಟ್ಟರೆ ಚೆಂಡು ಫರ್ಸಿಯ ಮೇಲೆ ಉರುಳಿ, ಮಳೆನೀರಿನ ಕೊಳವೆಯ ಬಾಯಿ ದಾಟಿ, ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತದೆ. ಎರಡು ವಾರ ಅವರ ಮನೆಯ ಬಾಗಿಲು ತಟ್ಟಿದ ಮೇಲೆ ಆ ಮನೆಯ ಕಾಕು ಚೆಂಡನ್ನು ತಾವೇ ನಮ್ಮ ಗೇಟಿನ ಮೇಲೆ ಇಟ್ಟುಹೋಗತೊಡಗಿದರು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಬೆವರು ಒರೆಸಿಕೊಳ್ಳಲು ಹೆಗಲ ಮೇಲೆ ವಲ್ಲಿ ಹಾಕಿಕೊಂಡೆ, ಚೆಂಡಿನ ಗಾಳಿಯನ್ನು ಕೊಂಚ ಇಳಿಸಿದೆ, ಜಾರುವುದು ಕಡಿಮೆಯಾಯಿತು. ಆಗ ನಿಜವಾದ ತೊಡಕು ಕಾಣಿಸಿತು. ಚೆಂಡು ಬೀಳಬಾರದೆಂಬ ಒಂದೇ ಧ್ಯಾನದಲ್ಲಿ ನಾನು ತೋಳುಗಳನ್ನು ಬಿಗಿಯುತ್ತಿದ್ದೆ, ತೋಳು ಬಿಗಿದರೆ ಹೆಗಲು ಬಿಗಿಯುತ್ತದೆ, ಹೆಗಲು ಬಿಗಿದ ಮೇಲೆ ನಡು ಮೊದಲು ತಿರುಗುವುದನ್ನೇ ನಿಲ್ಲಿಸುತ್ತದೆ. ಚೆಂಡು ಬೀಳಲಿಲ್ಲ, ಆದರೆ ಎದೆ, ತೋಳು, ನಡು ಎಲ್ಲವೂ ಒಂದೇ ಕ್ಷಣಕ್ಕೆ, ಬಾಗಿಲು ತೆರೆದಂತೆ, ಗಕ್ಕನೆ ತಿರುಗತೊಡಗಿದವು. ನನಗೆ ಬೇಕಾಗಿದ್ದದ್ದು ಒಂದರ ಹಿಂದೆ ಒಂದು ಬರುವ ಸರದಿ. ಚೆಂಡು ಕಲಿಸಿದ್ದು ಒಂದಕ್ಕೊಂದು ಅಂಟಿಕೊಂಡಿರುವುದನ್ನು. ಮೂವತ್ತು ನಲವತ್ತು ಗಜದ ಚಿಪ್ ಎಂಬ ಚಿಕ್ಕ ಹೊಡೆತಕ್ಕೆ ಇದು ಒಳ್ಳೆಯ ಸಾಧನವೇ, ಅದನ್ನು ಒಪ್ಪುತ್ತೇನೆ. ಪೂರ್ತಿ ಸ್ವಿಂಗ್‌ಗೆ ನನ್ನಂಥವನಿಗೆ ಸಲ್ಲದು.

ಮುದ್ಗರಕ್ಕೆ ಖರ್ಚಿಲ್ಲ. ಓಣಿಯ ತಾಲೀಮಿನಲ್ಲಿ ಮೂಲೆಗೆ ಒರಗಿಸಿಟ್ಟಿದ್ದರು. ಉಸ್ತಾದರು ಮೊದಲ ದಿನವೇ ನನ್ನ ರೋಗ ಹಿಡಿದರು. "ತೋಳಿಲೆ ಎತ್ತಬ್ಯಾಡ್ರಿ ಸರ, ನಡಾ ತಿರುವ್ರಿ, ಅದು ತಾನೇ ಬರ್ತದ" ಎಂದರು. ಗಾಲ್ಫ್ ಕಲಿಸುವವರು ಅರ್ಧ ಗಂಟೆ ವಿವರಿಸುವುದು ಇದನ್ನೇ. ಭಾರವಾದ ವಸ್ತುವನ್ನು ಬರೀ ಕೈಯಿಂದ ಎಳೆಯಲಾಗದ ಕಾರಣ ನಡು ತಾನಾಗಿ ಮುಂದಾಗುತ್ತದೆ. ಆದರೆ ಅದು ಬೆನ್ನ ಹಿಂದೆ ಸುತ್ತುವ ದಾರಿಯೇ ಬೇರೆ, ನಿಧಾನವೂ ಹೌದು. ಮೂರನೆಯ ವಾರಕ್ಕೆ ಎಡ ಮಣಿಕಟ್ಟು ನೋಯತೊಡಗಿತು. ಮೂವತ್ತರ ಹರೆಯದವರು ಮುಂದುವರಿಸಬಹುದು. ನನಗೆ ಐವತ್ತೆರಡು.

ಬಳುಕುವ ಕೋಲಿಗೆ 6,500 ರೂಪಾಯಿ ಕೊಟ್ಟೆ. ಮನೆಯಲ್ಲಿ 2,000 ಎಂದು ಹೇಳಿದ್ದೇನೆ. ಚಾವಟಿಯಂತೆ ಬಾಗುವ ದಂಡ, ತುದಿಯಲ್ಲಿ ಭಾರದ ಗುಂಡು, ಹಿಡಿಯ ಹಿಂಬದಿಯಲ್ಲಿ ಸಮತೋಲಕ್ಕೆ ಇನ್ನೊಂದು ತೂಕ. ಮೇಲೆ ಹೋದಾಗ ಗುಂಡು ಇನ್ನೂ ಹಿಂದಕ್ಕೆ ಬಾಗುತ್ತಿರುತ್ತದೆ. ಅದು ಮುಗಿಯುವ ಮೊದಲೇ ಕೈಯಿಂದ ಎಳೆದರೆ ದಂಡ ತತ್ತರಿಸಿ, ಕಾಲು ತಪ್ಪಿ, ಫರ್ಸಿಯ ಮೇಲೆ ನಾಲ್ಕು ಹೆಜ್ಜೆ ಕುಣಿಸುತ್ತದೆ. ಆ ಅರೆಕ್ಷಣ ಕೈ ಕಾಯ್ದರೆ, ಕಾಯುತ್ತಿರುವಾಗಲೇ ನಡು ಎಡಕ್ಕೆ ಹೊರಟಿರುತ್ತದೆ. ಯಾರೂ ಹೇಳಿಕೊಡುವುದು ಬೇಕಿಲ್ಲ. ತಪ್ಪಿದರೆ ತೂರಾಡುವಂತೆ ಮಾಡಿ ಅದೇ ತಿಳಿಸುತ್ತದೆ.

ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ಹಿಡಿದು ಎಣಿಸಿದೆ. ಮೊದಲು ನನ್ನ ಬ್ಯಾಕ್‌ಸ್ವಿಂಗ್‌ಗೆ (ಕೋಲು ಹಿಂದಕ್ಕೆ ಎತ್ತುವುದಕ್ಕೆ) 130 ಚಿತ್ರ, ಡೌನ್‌ಸ್ವಿಂಗ್‌ಗೆ (ಕೆಳಗಿಳಿಸುವುದಕ್ಕೆ) 72. ಆರು ವಾರದ ಬಳಿಕ 176 ಮತ್ತು 64. ವೃತ್ತಿಪರರಲ್ಲಿ ಈ ಪ್ರಮಾಣ ಸುಮಾರು ಮೂರಕ್ಕೆ ಒಂದು ಇರುತ್ತದೆ. ನಾನು ಇನ್ನೂ ಅಲ್ಲಿಗೆ ತಲುಪಿಲ್ಲ, ಆದರೆ ಮೈದಾನದಲ್ಲಿ ಬಲಕ್ಕೆ ಬಾಗುವ ಹೊಡೆತಗಳು ಅರ್ಧಕ್ಕಿಳಿದಿವೆ.

ಇದರ ಕೊರತೆ ಉದ್ದ. ಮನೆಯೊಳಗೆ ಬೀಸಿದರೆ ಫ್ಯಾನು ಉಳಿಯುವುದಿಲ್ಲ. ರೈಲಿನಲ್ಲಿ ಒಯ್ದಾಗ ಮೀನು ಹಿಡಿಯಲು ಹೊರಟಿರಾ ಎಂದು ಕೇಳುತ್ತಾರೆ. ಬೂಟು ಹಾಕಿಕೊಂಡೇ ಬೀಸಬೇಕು, ನುಣುಪಾದ ಫರ್ಸಿಯ ಮೇಲೆ ಬರಿಗಾಲಲ್ಲಿ ಬೇಡ.

ದಿನವೂ ತಾಲೀಮಿಗೆ ಹೋಗುವ ರೂಢಿ ಇದ್ದಿದ್ದರೆ ನಾನು ಬಹುಶಃ ಹಗುರವಾದ ಮುದ್ಗರಕ್ಕೇ ನಿಲ್ಲುತ್ತಿದ್ದೆ. ಹದಿನೈದೇ ನಿಮಿಷ ಬಿಡುವಿರುವ ನನಗೆ ಕೋಲೇ ಸರಿ. 6,500 ಹೆಚ್ಚೆನಿಸಿದವರು ಡ್ರೈವರ್ ಎಂಬ ತಮ್ಮ ಉದ್ದನೆಯ ಗಾಲ್ಫ್ ಕೋಲನ್ನೇ ತಲೆಕೆಳಗು ಮಾಡಿ, ತಲೆಯ ಬದಿಯನ್ನು ಹಿಡಿದು ಬೀಸಿ ನೋಡಬಹುದು. ಗಾಳಿ ಸೀಳುವ ಸದ್ದು ಬಲಗಾಲಿನ ಬಳಿ ಕೇಳಿಸಿದರೆ ಕೈ ಅವಸರ ಮಾಡಿದೆ ಎಂದರ್ಥ. ಎಡಗಾಲನ್ನು ದಾಟುವಾಗ ಕೇಳಿಸಬೇಕು.