ಧಾರವಾಡದ ಒಂದು ಆಪ್ತಸಮಾಲೋಚನಾ ಕೊಠಡಿ: 11 ಗುರುವಾರಗಳ ಅನುಭವ

ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದು ಜ್ಯುಬಿಲಿ ವೃತ್ತದ ಬಳಿ ಇಳಿದು ಹತ್ತು ನಿಮಿಷ ನಡೆಯಬೇಕು. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಎರಡು ಕುರ್ಚಿಗಳ ಕೊಠಡಿ. 50 ನಿಮಿಷಕ್ಕೆ 600 ರೂಪಾಯಿ. ಅಲ್ಲಿನ ಆಪ್ತಸಮಾಲೋಚಕಿಯ ಹೆಸರು ಬರೆಯಲು ಒಪ್ಪಿಗೆ ಕೇಳಿಲ್ಲ; ಹಾಗಾಗಿ ಮೇಡಂ ಎಂದಷ್ಟೇ ಕರೆಯುತ್ತೇನೆ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಬಾಡಿಗೆ ಮನೆ. ಹುಬ್ಬಳ್ಳಿಯ ವಿದ್ಯಾನಗರದ ಆಸುಪಾಸಿನಲ್ಲಿ ಮೂರು ಮನೆಗಳು ಕೈಗೆ ಬಂದು ತಪ್ಪಿದವು. ಬಾಡಿಗೆ, ನೀರು, ಲೈಟ್ ಬಿಲ್ಲು ಎಲ್ಲ ಮಾತಾದ ಮೇಲೆ ‘ನೀವು ಯಾರ ಪೈಕಿ?’ ಎಂಬ ಪ್ರಶ್ನೆ. ಹೇಳಿದ ಮರುದಿನವೇ ಮುಂಗಡ ಹಣ ವಾಪಸ್. ಊರಿನಿಂದ ಮಗ ಬರುತ್ತಿದ್ದಾನಂತೆ. ಮೂರನೆಯ ಸಲದ ನಂತರ ಯಾರ ಮನೆಯ ಕರೆಗಂಟೆ ಒತ್ತಲು ಹೋದರೂ ಬೆರಳು ನಡುಗುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮೊದಲು ಬೇರೆ ಕಡೆ ತೋರಿಸಿಕೊಂಡೆ. ‘ಈಗ ಜಾತಿ ಯಾರು ನೋಡುತ್ತಾರೆ, ನೀವೇ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರು. ಮನೆ ಕೊಡದವರಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಮೇಡಂ ಹಾಗೆ ಸಮಾಧಾನ ಹೇಳಲು ಹೋಗಲಿಲ್ಲ. ಎರಡನೆಯ ವಾರ ಶಿಗ್ಗಾಂವಿ ತಾಲ್ಲೂಕಿನ ನಮ್ಮ ಊರಿನ ಮಾತು ಬಂತು. ಅವ್ವ ಕಳೆ ತೆಗೆಯಲು ಹೋಗುತ್ತಿದ್ದವರ ಮನೆಯಲ್ಲಿ ನಮಗೆಂದೇ ಒಂದು ಲೋಟ, ದನದ ಕೊಟ್ಟಿಗೆಯ ಗೋಡೆಗೂಡಿನಲ್ಲಿ. ‘ಲೋಟ ಹೇಗಿತ್ತು?’ ಎಂದರು. ಸ್ಟೀಲಿನದು, ಅಂಚು ಒಂದು ಕಡೆ ನೆಗ್ಗಿತ್ತು, ಚಹಾ ಹಾಕಿಸಿಕೊಳ್ಳುವ ಮೊದಲು ಅವ್ವ ಸೆರಗಿನಿಂದ ಜೇಡರ ಬಲೆ ಒರೆಸುತ್ತಿದ್ದಳು. ಇಪ್ಪತ್ತು ವರ್ಷ ಯಾರ ಮುಂದೆಯೂ ಹೇಳಿರದ ಮಾತು. ಹೇಳುವಾಗ ನಾನು ಅಂಗೈ ಒರೆಸಿಕೊಂಡದ್ದನ್ನು ಗಮನಿಸಿ, ಕರೆಗಂಟೆಯ ಮುಂದೆಯೂ ಹೀಗೇ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಸಮಾಲೋಚನಾ ಮನೋವಿಜ್ಞಾನ ಕಲಿಸುತ್ತಿದ್ದ ಪ್ರಾಧ್ಯಾಪಕ ರಾಬರ್ಟ್ ಕಾರ್ಟರ್ ಅವರ ವಿಚಾರ ನನಗೆ ತಿಳಿದದ್ದು ಈ ಕೊಠಡಿಯಲ್ಲೇ. ವರ್ಣಭೇದ ಉಂಟುಮಾಡುವ ಆಘಾತವನ್ನು ಅವರು 2007ರ ಪ್ರಬಂಧದಲ್ಲಿ ರೋಗ ಎನ್ನದೆ ಗಾಯ ಎಂದು ನೋಡಿದರು. ಜೀವಕ್ಕೇ ಅಪಾಯ ಬಂದಿರಬೇಕೆಂದಿಲ್ಲ. ಹಠಾತ್ತನೆ ಎರಗಿದ, ನಮ್ಮ ಕೈಯಲ್ಲಿ ತಡೆಯಲಾಗದ ನೋವೂ ಮನಸ್ಸನ್ನು ಹಾಗೆ ಗಾಯಗೊಳಿಸಬಲ್ಲದು. ಮೈಯೆಲ್ಲ ಎಚ್ಚರವಾಗಿರುವುದು, ನೆನಪು ನುಗ್ಗುವುದು, ತನ್ನನ್ನೇ ಕಡಿಮೆ ಎಂದುಕೊಳ್ಳುವುದು ಅವರು ಗುರುತಿಸಿದ ಲಕ್ಷಣಗಳಲ್ಲಿವೆ. ಕೇಳುತ್ತಾ ಅತ್ತೆ. ಗಾಯವೆಂದರೆ ಹೊಡೆದವರು ಇರಲೇಬೇಕಲ್ಲ! ಈ ಗಾಯವನ್ನು ಅಳೆಯಲು ಅಲ್ಲಿನ ವರ್ಣಭೇದಕ್ಕೆಂದು ಮಾಡಿದ ಪ್ರಶ್ನಾವಳಿಯನ್ನು ನಮ್ಮ ಜಾತಿಯ ಅನುಭವಕ್ಕೆ ಹಾಗೆಯೇ ಹಚ್ಚಲಾಗದು ಎಂದೂ ಮೇಡಂ ಹೇಳಿದರು. ಆ ಪ್ರಾಮಾಣಿಕತೆಯಿಂದಲೇ ನನಗೆ ಅವರ ಮೇಲೆ ನಂಬಿಕೆ ಕುದುರಿತು.

ಕೊರತೆಯೂ ಇದೆ. ಬಾಗಿಲು ತೆಳು, ಹೊರಗಿನ ಬೆಂಚಿನಲ್ಲಿ ಕುಳಿತವರಿಗೆ ಒಳಗಿನ ಅಳು ಕೇಳಿಸುತ್ತದೆ. ಇದನ್ನು ತಕ್ಷಣ ಸರಿಪಡಿಸಲೇಬೇಕು. ವಾರಕ್ಕೆ 600 ರೂಪಾಯಿ ಎಲ್ಲರಿಗೂ ಆಗದು. ಅಂಥವರು 14416ಕ್ಕೆ ಕರೆ ಮಾಡಿ: 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು.

ನಿದ್ದೆ ಈಗ ಬರುತ್ತಿದೆ. ಬೆರಳಿನ ನಡುಕ ಪೂರ್ತಿ ಹೋಗಿಲ್ಲ. ಮುಂದಿನ ಗುರುವಾರ ಅವ್ವನೂ ಬರುತ್ತಾಳೆ. ಆ ಲೋಟವನ್ನು ನಾನು ಮರೆತಿದ್ದೇನೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.